ನಾಲ್ಕನೇ ಹೂವು ಕೊನೆಗೂ ಅರಳಿತು

ಮಂಗಳವಾರ ಸಂಜೆ ಆರೂಮುಕ್ಕಾಲಕ್ಕೆ ನಮ್ಮ ಮಾಳಿಗೆ ಮೇಲೆ ಮಾಡಹಾಗಲದ ಹೆಣ್ಣು ಹೂವು ಅರಳಿತು. ಎರಡು ಮಳೆಗಾಲ ಕಾದು ಕಾದು, ಮೂರನೆಯದರಲ್ಲಿ ಸಿಕ್ಕಿದ ಹೂವು. ಕೈ ನಡುಗಿ ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು. ಆದರೂ ಪೂರ್ತಿ ಕತ್ತಲಾಗುವಷ್ಟರಲ್ಲಿ ಚಿತ್ರ ಮುಗಿಸಿದೆ. ಜೋಡಿ ಹಾಳೆಯ ನಾಲ್ಕನೇ ಮೂಲೆ ಈಗ ಖಾಲಿ ಇಲ್ಲ.

ಹೊಸಬರಿಗೆ ಎರಡು ಮಾತು. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಬೇರೆ ಗಿಡದಲ್ಲಿ ಬಿಡುವ ಜಾತಿಗಳನ್ನು ನಾನು ಜೋಡಿ ಮಾಡಿ ಚಿತ್ರ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಎರಡು ಜಾತಿ, ಎರಡರದ್ದೂ ಗಂಡು ಹೆಣ್ಣು ಸೇರಿ ನಾಲ್ಕು ಹೂವು. ಹಾಳೆಯ ಎಡಕ್ಕೆ ತಿನ್ನುವ ಗಿಡ, ಬಲಕ್ಕೆ ಮುಟ್ಟಬಾರದ ಗಿಡ. ಈ ಹಾಳೆಯಲ್ಲಿ ಎಡಕ್ಕೆ ಮಾಡಹಾಗಲ, ಬಲಕ್ಕೆ ತಿಲ್ಲೈ ಮರ.

ವಿಷದ ಮರ ದೂರದ್ದು, ತರಕಾರಿ ಮನೆಯದು. ಹಾಗಾಗಿ ಮರವೇ ಕಷ್ಟ ಕೊಡುತ್ತದೆ ಅಂದುಕೊಂಡಿದ್ದೆ. ಆದದ್ದು ಪೂರ್ತಿ ಉಲ್ಟಾ.

ತಿಲ್ಲೈ ಸಮುದ್ರದ ಹಿನ್ನೀರಿನ ಕೆಸರಲ್ಲಿ, ಉಪ್ಪು ನೀರು ಹತ್ತಿ ಇಳಿಯುವ ಕಡೆ ಬೆಳೆಯುವ ಮರ. ಚಿದಂಬರಕ್ಕೆ ತಿಲ್ಲೈ ಅನ್ನೋ ಹಳೇ ಹೆಸರು ಬಂದದ್ದು ಇದರಿಂದಲೇ. ಹೋದ ವರ್ಷ ಜೂನ್‌ನಲ್ಲಿ ಕಲಬುರಗಿಯಿಂದ ಚೆನ್ನೈ ರೈಲು ಹಿಡಿದು, ಅಲ್ಲಿಂದ ಚಿದಂಬರ, ಅಲ್ಲಿಂದ ಪಿಚ್ಚಾವರಂನ ಹಿನ್ನೀರು. ದೋಣಿ ಏರಿ ಗಂಟೆಯೊಳಗೆ ಗಂಡು ಮರ ಸಿಕ್ಕಿತು. ಬೆರಳುದ್ದದ ಹಳದಿ ಗೊಂಚಲುಗಳು, ಅದರ ತುಂಬ ಜೇನುನೊಣ. ಹೆಣ್ಣು ಮರ ಯಾವುದು ಅಂತ ಕೇಳಿದೆ. ದೋಣಿಯವರು ಯೋಚನೆ ಕೂಡ ಮಾಡಲಿಲ್ಲ. ಹುಟ್ಟನ್ನು ಮುಂದೆ ಚಾಚಿ ಆಚೆ ದಡದ ಮರ ತೋರಿಸಿದರು. ಅದರಲ್ಲಿ ಪ್ರತಿ ವರ್ಷ ಕಾಯಿ ಬಿಡುತ್ತದೆ, ಇದರಲ್ಲಿ ಬಿಡೋದಿಲ್ಲ, ಅಷ್ಟೇ ಅವರ ಲೆಕ್ಕ.

ನಾನು ರೆಂಬೆ ಕಡೆ ಕೈ ಚಾಚಿದ್ದಕ್ಕೆ ಮಾತ್ರ ಗದರಿದರು. ಬೆರಳಿನಿಂದ ತಮ್ಮ ಕಣ್ಣು ಮುಚ್ಚಿ ತೋರಿಸಿದರು. ಎಲೆ ಮುರಿದರೆ ಬರುವ ಹಾಲು ಚರ್ಮಕ್ಕೆ ತಾಗಿದರೆ ಬೊಬ್ಬೆ, ಕಣ್ಣಿಗೆ ಬಿದ್ದರೆ ಸ್ವಲ್ಪ ಕಾಲ ಕುರುಡು. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1759ರಲ್ಲಿ ಇದಕ್ಕೆ ಎಕ್ಸ್‌ಕೋಕೇರಿಯಾ ಅಂತ ಹೆಸರಿಟ್ಟ. ಕುರುಡು ಮಾಡುವುದು ಅಂತಲೇ ಅದರ ಅರ್ಥ. ನಮಗೆ ಇದು ಹೊಸದೇನಲ್ಲ. ಹೊಲದ ಬೇಲಿಯ ಕಳ್ಳಿ ಕೂಡ ಇದೇ ಬಳಗದ್ದು. ‘ಕಳ್ಳಿ ಹಾಲು ಕಣ್ಣಿಗಿ ಸಿಡದೀತು, ದೂರ ನಿಲ್ಲು’ ಅಂತ ನಮ್ಮ ಅಜ್ಜಿ ಕೂಗುತ್ತಿದ್ದದ್ದು ದೋಣಿಯಲ್ಲೇ ನೆನಪಾಯಿತು. ಆದರೆ ಸುಂದರಬನದ ಕಡೆ ಇದೇ ಮರವನ್ನು ಗೇವಾ ಅಂತಾರೆ, ಇದರ ಹೂವಿನಿಂದಲೂ ಅಲ್ಲಿ ಜೇನು ಬರುತ್ತದೆ. ಹಾಲಲ್ಲಿ ವಿಷ, ಹೂವಲ್ಲಿ ಜೇನು! ಒಂದೂ ಎಲೆ ಮುಟ್ಟದೆ, ದೋಣಿಯಲ್ಲಿ ಕೂತೇ ಎರಡೂ ಹೂವು ಬರೆದುಕೊಂಡು ಬಂದೆ.

ಇನ್ನು ನಮ್ಮ ತರಕಾರಿ. ಇದರ ಶಾಸ್ತ್ರೀಯ ಹೆಸರು ಮೊಮೊರ್ಡಿಕಾ ಡಯೋಯಿಕಾ, ಅಂದರೆ ಎರಡು ಮನೆಯದು, ಗಂಡಿಗೊಂದು ಗಿಡ, ಹೆಣ್ಣಿಗೊಂದು ಗಿಡ. ಹೆಸರಲ್ಲೇ ಎಚ್ಚರಿಕೆ ಇದೆ, ಅಲ್ವಾ? ಮೊದಲ ವರ್ಷ ಬೀಜ ಹಾಕಿದೆ. ಇದರ ಬೀಜ ಮಹಾ ಮೊಂಡು, ಸುಲಭಕ್ಕೆ ಮೊಳೆಯೋದಿಲ್ಲ. ಬದುಕಿದ್ದು ನಾಲ್ಕು ಬಳ್ಳಿ. ನಾಲ್ಕೂ ಗಂಡು. ಮೊಗ್ಗಿನ ತೊಟ್ಟಿನ ತುದಿಗೆ ಕುಂಚಿಗೆ ಹಾಕಿದ ಹಾಗೆ ಒಂದು ಪುಟ್ಟ ಎಲೆ ಮೊಗ್ಗನ್ನು ಮುಚ್ಚಿಕೊಂಡಿರುತ್ತದೆ. ಅದು ಕಂಡರೆ ಗಂಡು. ದಿನಾ ಬೆಳಿಗ್ಗೆ ಹೋಗಿ ನೋಡುವುದು, ಕುಂಚಿಗೆ ಕಂಡು ಕೆಳಗಿಳಿಯುವುದು. ಇಡೀ ಆಗಸ್ಟ್ ಇದೇ ಆಯಿತು. ಮೂರನೇ ಹೂವು, ಅಂದರೆ ಗಂಡು ಹೂವು, ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು.

ಎರಡನೇ ವರ್ಷ ಆನ್‌ಲೈನಲ್ಲಿ ‘ಖಾತ್ರಿ ಹೆಣ್ಣು ಗಡ್ಡೆ’ ಅಂತ ಮೂರು ತರಿಸಿದೆ. ಒಂದು ಒಣಗಿ ಚಕ್ಕೆಯಾಗಿತ್ತು. ಒಂದು ಗಂಡಾಯಿತು. ಮೂರನೆಯದು ನಿಜವಾಗಲೂ ಹೆಣ್ಣು. ಮೊಗ್ಗಿನ ಕೆಳಗೆ ಮುಳ್ಳು ಮುಳ್ಳಿನ ಗುಂಡು, ಅಂದರೆ ಮುಂದೆ ಕಾಯಿಯಾಗುವ ಭಾಗ, ಕಂಡು ಕುಣಿದಾಡಿಬಿಟ್ಟೆ. ಆದರೆ ಹೂವು ಬೆಳಿಗ್ಗೆ ಅರಳಿತು! ದೊಡ್ಡ ಹೂವು, ನಡುವೆ ಕಪ್ಪು ಕಣ್ಣು. ಮಾಡಹಾಗಲ ಅರಳುವುದು ಸಂಜೆ, ರಾತ್ರಿ ಹಾರುವ ಚಿಟ್ಟೆ ಹುಳಗಳಿಗಾಗಿ, ಸಣ್ಣ ಹೂವು, ಘಮ್ಮನೆ ವಾಸನೆ. ಬಂದದ್ದು ಅದರ ದಾಯಾದಿ, ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದ ಅರ್ಕಾ ಭರತ್ ತಳಿ ಇದೆಯಲ್ಲ, ಆ ಜಾತಿ. ಒಳ್ಳೆಯ ತರಕಾರಿಯೇ, ಕಾಯಿ ಇನ್ನೂ ದಪ್ಪ. ಅದನ್ನೇ ಬರೆದು ಮುಗಿಸು, ಯಾರಿಗೆ ಗೊತ್ತಾಗುತ್ತೆ ಅಂತ ಒಬ್ಬ ಗೆಳೆಯ ಅಂದ. ನನಗೆ ಗೊತ್ತಾಗುತ್ತಲ್ಲ. ಹಾಳೆಯ ಮೂಲೆ ಖಾಲಿ ಬಿಟ್ಟೆ.

ಮಾರಿದವರಿಗೆ ಫೋನ್ ಮಾಡಿದರೆ ‘ಗಡ್ಡೆ ನೋಡಿದರೆ ಹೆಣ್ಣು ಅಂತ ಗೊತ್ತಾಗುತ್ತೆ ಸಾರ್’ ಅಂದರು. ಗೊತ್ತಾಗೋದಿಲ್ಲ. ಗಡ್ಡೆಯಲ್ಲೂ ಇಲ್ಲ, ಎಲೆಯಲ್ಲೂ ಇಲ್ಲ. ಹೂವು ಬಂದರೇನೇ ತಿಳಿಯುವುದು. ತಿಲ್ಲೈ ಮರದ್ದೂ ಇದೇ ಕಥೆ. ಹಾಗಾದರೆ ದೋಣಿಯವರಿಗೆ ಅಷ್ಟು ಸಲೀಸಾಗಿ ಹೇಗೆ ಗೊತ್ತಿತ್ತು, ನನಗ್ಯಾಕೆ ಇಲ್ಲ? ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅದಕ್ಕೆ ಉತ್ತರ ನಮ್ಮ ಕಲಬುರಗಿಯ ತರಕಾರಿ ಸಂತೆ, ಕಣ್ಣಿ ಮಾರ್ಕೆಟ್‌ನಲ್ಲಿ ಸಿಕ್ಕಿತು. ಮಳೆಗಾಲದಲ್ಲಿ ಚಿಂಚೋಳಿ ಕಡೆಯ ತಾಂಡಾದಿಂದ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಮಾಡಹಾಗಲ ತರುತ್ತಾರೆ. ತೆಲುಗಿನವರು ಬಂದರೆ ಆಕಾಕರ, ಮರಾಠಿಯವರು ಬಂದರೆ ಕರ್ಟೋಲಿ ಅಂತ ಕೂಗುತ್ತಾರೆ.

‘ಯವ್ವಾ, ಇದರ ಹೆಣ್ಣ ಗಡ್ಡಿ ಸಿಗ್ತಾವೇನು?’ ಅಂದೆ.

‘ಹೆಣ್ಣು ಗಂಡು ನನಗೇನ್ ತಿಳೀತದ ತಮ್ಮಾ. ಕಾಯಿ ಹಿಡಿಯೋ ಬಳ್ಳಿ ಬಾಜೂಕಿನ ಕಂಟಿಗಿ ನೂಲು ಕಟ್ಟಿ ಬರ್ತೀನಿ. ಮುಂದಿನ ವರ್ಷ ಸೀದಾ ಅಲ್ಲೇ ಹೋಗ್ತೀನಿ.’

ಅಲ್ಲೇ ನಿಂತುಬಿಟ್ಟೆ. ಮರ ಇದ್ದಲ್ಲೇ ಇರುತ್ತದೆ. ಹೋದ ವರ್ಷ ಕಾಯಿ ಕಂಡ ಮರ ಈ ವರ್ಷವೂ ಕಣ್ಣೆದುರೇ ಇರುತ್ತದೆ. ಬಳ್ಳಿ ಹಾಗಲ್ಲ. ಮಳೆ ಮುಗಿದ ಮೇಲೆ ಒಣಗಿ ಹೋಗುತ್ತದೆ. ಗಡ್ಡೆ ನೆಲದೊಳಗೆ ಮಲಗುತ್ತದೆ, ಯಾವುದು ಹೆಣ್ಣು ಅನ್ನೋ ಗುರುತೂ ಅದರ ಜೊತೆಗೇ ಹೋಗುತ್ತದೆ. ಆ ಎಂಟು ತಿಂಗಳು ಗುರುತು ಇಟ್ಟುಕೊಳ್ಳುವುದು ಪಕ್ಕದ ಕಂಟಿಗೆ, ಅಂದರೆ ಪೊದೆಗೆ, ಕಟ್ಟಿದ ನೂಲು ಮಾತ್ರ. ಗಡ್ಡೆ ಮಾರುವವರು ನೂಲು ಕಟ್ಟಿರಲಿಲ್ಲ, ಅಷ್ಟೇ.

ಮೇ ತಿಂಗಳಲ್ಲಿ ಅಜ್ಜಿ ಎರಡು ಗಡ್ಡೆ ತಂದುಕೊಟ್ಟರು, ಒಂದೊಂದಕ್ಕೂ ಕೆಂಪು ನೂಲು ಸುತ್ತಿ. ನಮ್ಮ ಮಾಳಿಗೆಗೆ ಶಹಾಬಾದ್ ಕಲ್ಲಿನ ಫರಸಿ, ಮೇನಲ್ಲಿ ಬರಿಗಾಲು ಇಡೋಕಾಗಲ್ಲ. ಕುಂಡಗಳನ್ನು ಮೆಟ್ಟಿಲ ನೆರಳಲ್ಲಿ ಇಟ್ಟೆ. ಕರಿ ಮಣ್ಣಿಗೆ ಅರ್ಧಕ್ಕರ್ಧ ಗರಸು ಕಲಸಿದೆ, ಇಲ್ಲದಿದ್ದರೆ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಎರಡೂ ಚಿಗುರಿದವು. ಎರಡೂ ಹೆಣ್ಣು.

ಆ ಸಂಜೆಯ ಹೂವಿನ ಬಗ್ಗೆ ಹೇಳಲೇಬೇಕು. ಐದು ಎಸಳು, ಬೆಣ್ಣೆಗಿಂತ ಸ್ವಲ್ಪ ಹೆಚ್ಚು ಹಳದಿ. ಕೆಳಗೆ ಕಡಲೆಗಿಂತ ತುಸು ದೊಡ್ಡ ಹಸಿರು ಗುಂಡು, ಮೈಯೆಲ್ಲ ಮೆತ್ತನೆ ಮುಳ್ಳು. ಕುಂಚಿಗೆ ಇಲ್ಲ. ಲೆನ್ಸ್ ಹಿಡಿದು ನಡುವೆ ನೋಡಿದರೆ ಶಲಾಕೆಯ, ಅಂದರೆ ಪರಾಗ ಹಿಡಿಯುವ ಹೆಣ್ಣು ಕಡ್ಡಿಯ, ತುದಿ ಮೂರಾಗಿ ಸೀಳಿತ್ತು. ಹಾಳೆಯ ಬಲಕ್ಕೆ ಕಣ್ಣು ಹೋಯಿತು. ತಿಲ್ಲೈ ಹೆಣ್ಣು ಹೂವಿಗೆ ಎಸಳೇ ಇಲ್ಲ, ಆದರೆ ಅಲ್ಲಿಯೂ ಶಲಾಕೆಗೆ ಮೂರು ಸುರುಳಿ. ಅದರ ಕಾಯಿಗೂ ಔಡಲ ಕಾಯಿಯ ಹಾಗೆ ಮೂರು ಹೋಳು. ಒಂದು ಹಾಗಲದ ಕುಲ, ಒಂದು ಔಡಲದ ಕುಲ. ಸಂಬಂಧವೇ ಇಲ್ಲ. ಆದರೂ ನನ್ನ ಹಾಳೆ ಮೇಲೆ ಎಡಕ್ಕೆ ಮೂರು, ಬಲಕ್ಕೆ ಮೂರು. ಬರೆಯದೇ ಇದ್ದಿದ್ದರೆ ಇದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ತಿಲ್ಲೈ ಹಾಲಿನ ಹನಿ ಬಿಳಿ ಕಾಗದದ ಮೇಲೆ ಹೇಗೆ ತೋರಿಸುವುದು ಅಂತ ಕೇಳಿದ್ದರು ಒಬ್ಬರು. ಹನಿಗೆ ಬಣ್ಣ ಹಾಕಲೇಬೇಡಿ. ಸುತ್ತ ಎಲೆಯ ಹಸಿರನ್ನು ಗಾಢ ಮಾಡಿ, ಹನಿಯ ಜಾಗ ಹಾಗೇ ಬಿಡಿ.

ಮುಂದಿನ ಜೋಡಿ ಆಗಲೇ ತಲೆಯಲ್ಲಿದೆ. ಎಡಕ್ಕೆ ನಮ್ಮ ಹಳ್ಳದ ದಂಡೆಯ ಈಚಲು, ಬಲಕ್ಕೆ ತಾಳೆಯ ಹಾಗೆ ಕಾಣುವ ಸೈಕಸ್ ಗಿಡ. ಎರಡಕ್ಕೂ ಗರಿ ಎಲೆ, ಎರಡರಲ್ಲೂ ಗಂಡು ಹೆಣ್ಣು ಬೇರೆ. ಒಂದರ ಹಣ್ಣು ಕಿಸೆ ತುಂಬ ಹಾಕಿಕೊಂಡು ತಿಂತೀವಿ, ಇನ್ನೊಂದರ ಬೀಜ ವಿಷ. ಗಂಡು ಈಚಲು ಯಾವುದು ಅಂತ ಕೇಳೋಕೆ ಹಿಂದೆ ಸಿಂದಿ ಇಳಿಸುತ್ತಿದ್ದವರ ಹತ್ತಿರ ಹೋಗಬೇಕು. ಬೀದರ್ ಕಡೆಯವರು ಯಾರಾದರೂ ಜೊತೆಗೆ ಬರುತ್ತೀರಾ?

ಚಿತ್ರ ಮುಗಿದ ಮೇಲೆ, ಟಾರ್ಚ್ ಬೆಳಕಲ್ಲಿ, ಮೊದಲ ವರ್ಷದ ಗಂಡು ಬಳ್ಳಿಯ ಹೂವು ಕಿತ್ತು ಹೆಣ್ಣು ಹೂವಿಗೆ ಮೆತ್ತಗೆ ಸವರಿದೆ. ನಮ್ಮ ಓಣಿಯ ದೀಪಗಳ ನಡುವೆ ಚಿಟ್ಟೆಹುಳಗಳನ್ನು ನಂಬಿ ಕೂರೋಕಾಗಲ್ಲ. ಇವತ್ತು ಐದನೇ ದಿನ. ಗುಂಡು ಹಳದಿಯಾಗಿ ಉದುರಿಲ್ಲ, ಹೆಬ್ಬೆರಳ ಉಗುರಿನಷ್ಟಾಗಿದೆ. ಒಂದೇ ಕಾಯಿಗೆ ಒಗ್ಗರಣೆ ಹೆಂಗ ಹಾಕಲಿ ಅಂತ ಅವ್ವ ಕೇಳಿದಳು. ಎರಡನೇ ಕುಂಡದಲ್ಲಿ ಇನ್ನೂ ಏಳು ಮೊಗ್ಗು ಇವೆ ಅಂತ ಹೇಳಿದ್ದೇನೆ. ಮಳೆಗೆ ಬಣ್ಣ ಹೋಗಿದ್ದ ಆ ಕೆಂಪು ನೂಲು ಬಿಚ್ಚಿ, ಹೊಸದು ಕಟ್ಟಿದೆ.