ಅಡ್ರೆಸ್ ಇಲ್ಲದೋರು ಆಂಬುಲೆನ್ಸ್ ಕರೆಯೋದು ಹೇಗೆ?

ಬೀದೀಲಿ ಮಲಗೋರಿಗೆ ಫಸ್ಟ್ ಏಡ್ ಹೇಳ್ಕೊಡೋಕೆ ಅಂತ ಒಂದು ನೈಟ್ ಶೆಲ್ಟರ್‌ಗೆ ಹೋಗಿದ್ದೆ. ಆಫೀಸುಗಳಲ್ಲಿ ಕ್ಲಾಸ್ ತಗೊಂಡ್ರೆ ಜನ ಫೋನ್ ನೋಡ್ಕೊಂಡು ಕೂತಿರ್ತಾರೆ, ಇಲ್ಲಿ ಮಾತ್ರ ಮೊದಲ ಮಾತಿಗೇ ಪ್ರಶ್ನೆ. ಗಾಯದ ಮೇಲೆ ಕ್ಲೀನ್ ಬಟ್ಟೆ ಒತ್ತಿ ಹಿಡೀರಿ ಅಂದೆ, "ಕ್ಲೀನ್ ಬಟ್ಟೆ ಎಲ್ಲಿಂದ ತರೋದು ಮೇಡಂ?" ಅಂದ್ರು ಹಿಂದಿನಿಂದ ಒಬ್ರು. ನ್ಯಾಯವಾದ ಮಾತು. ಇರೋದ್ರಲ್ಲೇ ಕಮ್ಮಿ ಕೊಳೆ ಇರೋದು ತಗೊಳಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಳಿ, ಬಲವಾಗಿ ಒತ್ತಿ, ರಕ್ತ ನಿಂತಿದ್ಯಾ ಅಂತ ಎತ್ತೆತ್ತಿ ನೋಡ್ಬೇಡಿ, ನೆಂದ್ರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ, ಕೀವಾದ್ರೆ ಆಮೇಲೆ ಔಷಧಿ ಇದೆ, ರಕ್ತ ಪೂರ್ತಿ ಹೋದ್ಮೇಲೆ ಏನೂ ಮಾಡೋಕಾಗಲ್ಲ ಅಂದೆ.

ಸಿಪಿಆರ್, ಅಂದ್ರೆ ಉಸಿರು ನಿಂತೋರ ಎದೆ ಒತ್ತೋದು, ಬೇಗ ಮುಗೀತು. ಎದೆ ಮಧ್ಯದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಗಟ್ಟಿ ನೆಲದ ಮೇಲೆ ಮಲಗಿಸ್ಬೇಕು ಅಂದಾಗ ಎಲ್ರೂ ಜೋರಾಗಿ ನಕ್ಕರು, ಅದೊಂದಕ್ಕೆ ಬರ ಇಲ್ವಂತೆ. ಫಿಟ್ಸ್ ಬಂದೋರ ಬಾಯಿಗೆ ಚಮಚ ತುರುಕ್ಬಾರ್ದು ಅಂದಿದ್ದಕ್ಕೆ ಮಾತ್ರ ಒಬ್ಬ ಅಜ್ಜ ಕೊನೇವರ್ಗೂ ಒಪ್ಲಿಲ್ಲ.

ಉಸಿರಾಡ್ತಿದ್ದು ಎಚ್ಚರ ಇಲ್ಲದೋರನ್ನ ಪಕ್ಕಕ್ಕೆ ಮಲಗಿಸೋದು ತೋರಿಸ್ತಿದ್ದೆ, ಒಬ್ಬಾಕೆ ಎದ್ದು ಬಂದು ತನ್ನ ಹೊದಿಕೆನ ಸುರುಳಿ ಸುತ್ತಿ ಮಲಗಿದ್ದೋನ ಬೆನ್ನಿಗೆ ಒತ್ತಾಗಿ ಇಟ್ರು, ಮೇಲಿನ ಮಂಡಿನ ಮಡಚಿ ಮುಂದಕ್ಕೆ ಎಳೆದ್ರು. "ಇಲ್ದಿದ್ರೆ ಮತ್ತೆ ಅಂಗಾತ ಹೊರಳ್ತಾರಮ್ಮ, ವಾಂತಿ ಗಂಟಲಿಗೆ ಹೋಗತ್ತೆ." ಯಾರೂ ಹೇಳ್ಕೊಟ್ಟಿದ್ದಲ್ಲ, ಕುಡಿದು ಬಿದ್ದೋರನ್ನ ರಾತ್ರಿಯೆಲ್ಲಾ ಕಾದೂ ಕಾದೂ ಕಲ್ತಿದ್ದು.

ಆದ್ರೆ ಬಿದ್ದೋರೆಲ್ಲಾ ಕುಡಿದೋರಲ್ಲ ಅಲ್ವಾ, ಶುಗರ್ ಇಳಿದ್ರೂ, ತಲೆಗೆ ಪೆಟ್ಟು ಬಿದ್ರೂ, ಸ್ಟ್ರೋಕ್ ಆದ್ರೂ ನಾಲಿಗೆ ತೊದಲತ್ತೆ, ಕಾಲು ತಡವರಿಸತ್ತೆ, ದಾರೀಲಿ ಹೋಗೋರು ಮೂಗು ಮುಚ್ಕೊಂಡು ಆಚೆ ಹೋಗ್ತಾರೆ. ಕೂಗಿದ್ರೂ ಯಾರೂ ಬರಲ್ಲ ಅನ್ನೋದೇ ಅಲ್ಲಿದ್ದ ಎಲ್ರ ದೂರು. ಹಾಗಾಗಿ ಉಳಿದ ಹೊತ್ತೆಲ್ಲಾ ಆಂಬುಲೆನ್ಸ್‌ಗೆ ಫೋನ್ ಮಾಡೋದನ್ನೇ ಪ್ರಾಕ್ಟೀಸ್ ಮಾಡಿದ್ವಿ, ನನ್ನ ಕೇಳಿದ್ರೆ ಇದೇ ಅಸಲಿ ಪಾಠ. ಯಾರು ಏನು ಅನ್ನೋದು ಆಮೇಲೆ, ಮೊದಲು "ಎಚ್ಚರ ಇಲ್ಲ, ಉಸಿರು ಸರಿಯಾಗಿ ಆಡ್ತಿಲ್ಲ" ಅನ್ನಿ. ಕುಡಿದಿದ್ದಾರಾ ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡಿ, ಆದ್ರೆ ಮಾತು ಅಲ್ಲಿಂದ ಶುರು ಮಾಡ್ಬೇಡಿ. ಫೋನ್ ತೆಗೆದೋರು ಹೇಳೋವರ್ಗೂ ಕಟ್ ಮಾಡ್ಬೇಡಿ, ಒಬ್ರು ಮೇನ್ ರೋಡಿಗೆ ಹೋಗಿ ನಿಂತು ಕೈ ಬೀಸಿ.

ಅಡ್ರೆಸ್ ಕೇಳ್ತಾರಲ್ಲ, ಅದಕ್ಕೇನು ಹೇಳೋದು? ಹತ್ರದ ಬಸ್ ಸ್ಟಾಪ್, ಸರ್ಕಲ್, ಅಂಗಡಿ ಬೋರ್ಡ್ ಅಂತ ನಾನು ಹೇಳ್ತಿದ್ರೆ ಒಬ್ಬ ಹುಡುಗ, "ಲೈಟ್ ಕಂಬದ ಮೇಲೆ ನಂಬರ್ ಬರ್ದಿರ್ತಾರಲ್ಲ, ಅದನ್ನ ಹೇಳ್ಬೋದಾ?" ಅಂದ. ಬಸ್ ಸ್ಟಾಪ್ ಹೆಸರಿನ ಜೊತೆ ಸೇರಿಸಿ ಹೇಳು ಅಂದೆ. ಸೇತುವೆ ಕೆಳಗೆ ಲೈಟೇ ಇಲ್ವಲ್ಲೋ ಅಂತ ಇನ್ನೊಬ್ರು ತಗಾದೆ ತೆಗೆದ್ರೆ, ಕಂಬ ಇಲ್ದಿದ್ರೇನು ಪಿಲ್ಲರ್‌ಗೂ ನಂಬರ್ ಹಾಕಿರ್ತಾರೆ ಅಂತ ಅವನೇ ಉತ್ತರ ಕೊಟ್ಟ. ಪಿಲ್ಲರ್ ನಂಬರ್ ವಿಷ್ಯ ನನ್ನ ನೋಟ್ಸ್‌ನಲ್ಲಿ ಇರ್ಲಿಲ್ಲ, ಈಗ ಎಲ್ಲಾ ಕ್ಲಾಸಲ್ಲೂ ಹೇಳ್ತೀನಿ.