ತಿಳಿನೀರು ಎಲ್ಲಿಗೆ ಹೋಗುತ್ತೆ?

"ಇಂಬಳ ಸಾಯೋ ಉಪ್ಪು ಅಮ್ಮಾ ಇದು. ಗಿಡ ಬದುಕ್ತದಾ?"

ಈ ವಾರ ಪೂರ್ತಿ ಇದೇ ಮಾತು ತಲೆಯಲ್ಲಿ ಓಡುತ್ತಿದೆ. ಹೇಳಿದ್ದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ಅಕ್ಕನ ಕಾಫಿ ತೋಟಕ್ಕೆ ಕೆಲಸಕ್ಕೆ ಬರುವ ಹಿರಿಯ ಹೆಂಗಸು. ಕೈಯಲ್ಲಿ ಒಂದು ಕಾಫಿ ರೆಂಬೆ ಹಿಡಿದು ಅಂಗಳಕ್ಕೆ ಬಂದಿದ್ದರು. ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು. ನಡುವೆ ಮಾತ್ರ ಹಸಿರು.

ಭಾವ ನೋಡಿ, "ಬಿಸಿಲಿಗೆ ಆಗಿರುತ್ತೆ, ಬಿಡು" ಅಂದರು. ಆಕೆ ಬಿಡಲಿಲ್ಲ. "ಬಿಸಿಲು ಎಲ್ಲ ಗಿಡಕ್ಕೂ ಒಂದೇ ಅಲ್ವಾ? ಪೈಪಿನ ಬಾಯಿ ಕೆಳಗಿರೋ ಗಿಡಕ್ಕೇ ಯಾಕೆ ಹಿಂಗಾಗ್ತದೆ?" ಆಮೇಲೆ ಅಕ್ಕನ ಕಡೆ ತಿರುಗಿ ಆ ಇಂಬಳದ ಮಾತು ಹೇಳಿದರು. ಇಂಬಳ ಅಂದರೆ ಜಿಗಣೆ. ಅದು ಹತ್ತದಿರಲಿ ಅಂತ ಮಳೆಗಾಲದಲ್ಲಿ ಕಾಲಿಗೆ ಉಪ್ಪಿನ ಗಂಟು ಸವರಿಕೊಂಡು ತೋಟಕ್ಕಿಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪೈಪು ಈಜುಕೊಳದ್ದು. ಹೋಮ್‌ಸ್ಟೇಗೆ ಬರುವವರೆಲ್ಲ ಕೇಳುತ್ತಾರೆ ಅಂತ ಭಾವ ಮನೆ ಹಿಂದೆ ಕಟ್ಟಿಸಿದ್ದು. ಸುಮಾರು 50,000 ಲೀಟರ್ ನೀರು ಹಿಡಿಯುತ್ತೆ. ಕ್ಲೋರಿನ್ ಪುಡಿ ಹಾಕುವ ಗೋಜೇ ಬೇಡ ಅಂತ ಸಾಲ್ಟ್ ಕ್ಲೋರಿನೇಟರ್ ಕೂರಿಸಿದ್ದಾರೆ. ಬಂದವರಿಗೆಲ್ಲ "ನಮ್ಮದು ಕ್ಲೋರಿನ್ ಇಲ್ಲದ ಕೊಳ, ಬರೀ ಉಪ್ಪುನೀರು" ಅಂತ ಹೇಳುತ್ತಾರೆ. ನನ್ನ ಭಾವ ಒಳ್ಳೆಯ ಮನುಷ್ಯ. ಆದರೆ ದುಡ್ಡು ಕೊಟ್ಟು ತಂದ ವಸ್ತುವಿನ ಮೇಲೆ ಒಂದು ಮಾತು ಬಂದರೂ ಅವರಿಗೆ ಹಿಡಿಸುವುದಿಲ್ಲ.

ಕ್ಲೋರಿನ್ ಇಲ್ಲ ಅನ್ನುವುದು ನಿಜವಲ್ಲ. ಆ ಯಂತ್ರದ ಕೆಲಸವೇ ಕ್ಲೋರಿನ್ ತಯಾರಿಸುವುದು. ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಕರಗಿಸಿದ ನೀರು ಟೈಟೇನಿಯಂ ತಗಡುಗಳ ನಡುವೆ ಹಾದು ಹೋಗುತ್ತೆ. ತಗಡಿಗೆ ಕರೆಂಟು ಹರಿದಾಗ ಉಪ್ಪಿನಿಂದ ಕ್ಲೋರಿನ್ ಹುಟ್ಟಿ ನೀರಿನಲ್ಲೇ ಕರಗುತ್ತೆ. ಪಾಚಿ, ಕ್ರಿಮಿ ಕೊಂದ ಮೇಲೆ ಅದರ ಬಹುಪಾಲು ಮತ್ತೆ ಉಪ್ಪಾಗಿ ನೀರಿನಲ್ಲೇ ಉಳಿಯುತ್ತೆ. ಹಾಗಾಗಿ ಉಪ್ಪು ಖರ್ಚಾಗುವುದೇ ಕಡಿಮೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಇರುತ್ತೆ. ಇದು ಅದರ ಹತ್ತನೇ ಒಂದು ಪಾಲು. ಕಣ್ಣು ಉರಿಯುವುದಿಲ್ಲ, ಚರ್ಮ ಬಿರಿಯುವುದಿಲ್ಲ. ನೀರು ನಿಜಕ್ಕೂ ಚೆನ್ನಾಗಿದೆ. ಅಕ್ಕನ ಮಕ್ಕಳು ಅದರಲ್ಲೇ ಈಜು ಕಲಿತರು. ಅದರ ಬಗ್ಗೆ ನನ್ನದು ಎರಡು ಮಾತಿಲ್ಲ.

ಆದರೆ ಉಪ್ಪು ಖರ್ಚಾಗುವುದಿಲ್ಲ ಅಂದರೆ ಇನ್ನೊಂದು ಅರ್ಥವೂ ಇದೆ. ಹಾಕಿದ್ದು ಒಂದು ದಿನ ಎಲ್ಲಿಗಾದರೂ ಹೋಗಲೇಬೇಕು.

ಆ ರಾತ್ರಿ ಅಕ್ಕ, ನಾನು ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಲೀಟರಿಗೆ ಮೂರೂವರೆ ಗ್ರಾಂ ಅಂದರೆ ಕೊಳದಲ್ಲಿರುವುದು 175 ಕೆಜಿ ಉಪ್ಪು. ಮರಳಿನ ಫಿಲ್ಟರ್ ತೊಳೆಯಲು ಬ್ಯಾಕ್‌ವಾಶ್ ಕೊಟ್ಟಾಗ, ಅಂದರೆ ನೀರನ್ನು ಉಲ್ಟಾ ಹರಿಸಿದಾಗ, 500 ಲೀಟರ್ ಹೊರಗೆ ಹೋಯಿತು ಅಂದುಕೊಳ್ಳಿ. ಅದರ ಜೊತೆ ಪೌನೆ ಎರಡು ಕೆಜಿ ಉಪ್ಪು ಕಾಫಿ ಬುಡಕ್ಕೆ ಹೋಯಿತು. ಬೇಸಿಗೆಯಲ್ಲಿ ಅತಿಥಿಗಳು ಜಾಸ್ತಿ, ಫಿಲ್ಟರ್ ಬೇಗ ಕಟ್ಟುತ್ತೆ, ಬ್ಯಾಕ್‌ವಾಶೂ ಜಾಸ್ತಿ. ಮೇಲಿಂದ ಮಳೆ ಇಲ್ಲ. ನೀರು ಆವಿಯಾಗಿ ಉಪ್ಪು ಮಾತ್ರ ಬೇರಿನ ಹತ್ತಿರ ಉಳಿಯುತ್ತೆ. ಎಲೆಯ ಅಂಚು ಸುಡುವುದು ಹೀಗೇ. ಮಳೆಗಾಲದ ಕಥೆ ಬೇರೆ. ಮಲೆನಾಡಿನಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿದರೆ ಕೊಳ ತುಂಬಿ ಮೂರು ಸಾವಿರ ಲೀಟರಿಗೂ ಹೆಚ್ಚು ನೀರು ಹೊರಗೆ ಹರಿಯುತ್ತೆ. ಉಪ್ಪೂ ಜೊತೆಗೆ ಹೋಗುತ್ತೆ. ಆದರೆ ಅಷ್ಟು ಮಳೆಯಲ್ಲಿ ಅದು ತೆಳುವಾಗಿ ತೊಳೆದು ಹೋಗುತ್ತೆ.

ಮಾರನೇ ದಿನ ಯಂತ್ರ ಮಾರಿದವನಿಗೆ ಅಕ್ಕ ಫೋನ್ ಮಾಡಿದಳು. ವಿನಯದ ಹುಡುಗ. "ಬ್ಯಾಕ್‌ವಾಶ್ ನೀರು ಡ್ರೈನೇಜಿಗೆ ಬಿಡಿ ಮೇಡಂ, ಏನೂ ತೊಂದರೆ ಇಲ್ಲ" ಅಂದ. ಅಕ್ಕ ಕೇಳಿದಳು: "ಇಲ್ಲಿ ಡ್ರೈನೇಜ್ ಎಲ್ಲಿದೆಯಪ್ಪ? ನಮ್ಮದು ತೋಟ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವನಿಗೆ ಗೊತ್ತಿರುವುದು ಬೆಂಗಳೂರಿನ ಮನೆಗಳು. ಅವನು ಸುಳ್ಳು ಹೇಳಿಲ್ಲ. ಆದರೆ ಮಾರುವ ಮೊದಲು ಜಾಗ ನೋಡಲು ಬಂದಿದ್ದನಲ್ಲ, ಸುತ್ತ ಕಾಫಿ ಗಿಡ ಕಂಡಿರಲಿಲ್ಲವಾ? ನೀರು ಎಲ್ಲಿಗೆ ಹೋಗುತ್ತೆ ಅಂತ ಒಂದು ಮಾತು ಕೇಳಬಹುದಿತ್ತು.

ನನ್ನನ್ನು ಕಾಡುತ್ತಿರುವುದು ಇದು. ಪಲ್ಪರ್ ನೀರಿನ ವಿಷಯ ಇಲ್ಲಿ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಆ ನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ, ಊರವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ಗುಂಡಿ ತೆಗೆದು, ಸುಣ್ಣ ಹಾಕಿ ಜೋಪಾನ ಮಾಡುತ್ತಾರೆ. ಭಾವನೂ ಅದರಲ್ಲಿ ಕಟ್ಟುನಿಟ್ಟು. ಆ ನೀರು ಕಪ್ಪಗಿರುತ್ತೆ, ನಾರುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ಕೊಳದ ನೀರು ಫಿಲ್ಟರ್ ತೊಳೆದಾಗ ಒಂದು ಗಳಿಗೆ ಕೆಂಪಗೆ ಬಂದು ಆಮೇಲೆ ತಿಳಿಯಾಗಿ ಹರಿಯುತ್ತೆ. ವಾಸನೆಯೂ ಇಲ್ಲ. ಅದನ್ನು ಕೊಳಕು ಅಂತ ಯಾರು ಅಂದುಕೊಳ್ಳುತ್ತಾರೆ?

ಹಾಸನದಲ್ಲಿ ನಾವು ಕುಡಿಯುವುದು ಹೇಮಾವತಿ ನೀರು. ಅದು ಹುಟ್ಟುವುದು ಈ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ. ತುಂಗೆ, ಭದ್ರೆ, ಯಗಚಿಯೂ ಇಲ್ಲಿಯವೇ. ಈಗ ಎಲ್ಲಿ ನೋಡಿದರೂ ಹೋಮ್‌ಸ್ಟೇ, ಪ್ರತಿ ಹೋಮ್‌ಸ್ಟೇಗೂ ಒಂದು ಕೊಳ ಬೇಕು. ಒಂದು ಕೊಳದಿಂದ ನದಿ ಕೆಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಪೈಪಿನ ಬಾಯಿ ಹತ್ತಿರದ ಗಿಡ, ಕೆಳಗಿನ ಬಾವಿ, ಪಕ್ಕದ ಗದ್ದೆ? ಅವುಗಳ ಪರವಾಗಿ ಕೇಳಿದ್ದು ಆ ಕೊಳಕ್ಕೆ ಒಂದು ದಿನವೂ ಕಾಲಿಡದ ಹೆಂಗಸು. ನಮ್ಮಲ್ಲಿ ಓದಿದವರು ಎಷ್ಟು ಜನ ಇದ್ದೆವು! ಆ ಒಣಗಿದ ರೆಂಬೆ ಮುರಿದು ತಂದು ತೋರಿಸಿದ್ದು ಅವರೊಬ್ಬರೇ.

ಭಾವ ಕೊನೆಗೆ ಒಪ್ಪಿದರು. ಮರಳಿನ ಫಿಲ್ಟರ್ ತೆಗೆದು ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿಸುವ ಮಾತು ನಡೆದಿದೆ. ಅದಕ್ಕೆ ಬ್ಯಾಕ್‌ವಾಶ್ ಬೇಡ, ಹೊರಗೆ ತೆಗೆದು ಪೈಪಿನ ನೀರಲ್ಲಿ ತೊಳೆದರೆ ಸಾಕು. ಕೊಳ ಖಾಲಿ ಮಾಡಬೇಕಾಗಿ ಬಂದರೆ ಜೋರು ಮಳೆಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಡುವುದು ಅಂತ ಅಕ್ಕ ಬರೆದಿಟ್ಟಿದ್ದಾಳೆ. ಪೈಪನ್ನು ಎಲ್ಲಿಗೆ ತಿರುಗಿಸುವುದು ಅಂತ ಭಾವ ಆ ಹೆಂಗಸನ್ನೇ ಕೇಳಿದರು. ತಾವು ಗುರುತು ಮಾಡಿದ್ದ ಜಾಗ ತೋರಿಸಿದರು. ಆಕೆ ತಲೆ ಅಲ್ಲಾಡಿಸಿದರು. "ಅಲ್ಲಿ ಬೇಡಿ. ಕೆಳಗೆ ನಮ್ ಕೆಲಸದವರ ಲೈನ್ ಮನೆ ಬಾವಿ ಅದೆ."

ಬೇರೆ ಜಾಗ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಫಿಲ್ಟರ್ ತೊಳೆದ ನೀರನ್ನು ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ತುಂಬಿಸಿ ಇಡುತ್ತಿದ್ದಾರೆ.