ಬೋಲ್ಟ್ ತೂತಿನಲ್ಲಿ ಉಳಿದ ಅರ್ಧ ಚಮಚ ನೀರು

ಅಪ್ಪನ ಮಾರುತಿ 800 ಇಂಜಿನ್ನನ್ನು ಈ ಬೇಸಿಗೆಯಲ್ಲಿ ಮನೆಯಲ್ಲೇ ಬಿಚ್ಚಿ ಕಟ್ಟಿದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ಮಾಡು ಇದೆ, ಕೊಯ್ಲು ಮುಗಿದ ಮೇಲೆ ಅದು ಖಾಲಿ. ಅಲ್ಲೇ ಎರಡು ಹಲಗೆ ಹಾಕಿಕೊಂಡು ಒಂದು ತಿಂಗಳು ಕೂತೆ. ರಿಂಗು, ಬೇರಿಂಗು, ವಾಲ್ವ್ ಸೀಲು, ಟೈಮಿಂಗ್ ಬೆಲ್ಟು ಎಲ್ಲ ಹೊಸದು. ಸ್ಟಾರ್ಟ್ ಮಾಡಿದ ದಿನ ಅಪ್ಪ ಅಂಗಳದಲ್ಲಿ ನಿಂತು ಸೈಲೆನ್ಸರನ್ನೇ ನೋಡುತ್ತಿದ್ದರು. ನೀಲಿ ಹೊಗೆ ಇರಲಿಲ್ಲ. ಅಷ್ಟು ಖುಷಿ ನನಗೆ ತುಂಬ ದಿನದಿಂದ ಆಗಿರಲಿಲ್ಲ.

ಹತ್ತು ದಿನಕ್ಕೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕಡಿಮೆಯಾಗಲು ಶುರುವಾಯಿತು. ಗಾಡಿ ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಕ. ಒಂದು ದಿನ ಶಿವಮೊಗ್ಗಕ್ಕೆ ಹೊರಟವನಿಗೆ ಮಂಡಗದ್ದೆ ದಾಟುವುದರೊಳಗೆ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗಿದ್ದು ಕಂಡಿತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ. ತುಂಗೆಯ ಪಕ್ಕದಲ್ಲೇ ಮುಕ್ಕಾಲು ಗಂಟೆ ಕಾದೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ, ದಯವಿಟ್ಟು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಕ್ಯಾಪ್ ತಿರುಗಿಸಿದ ಕ್ಷಣ ಆವಿಯಾಗಿ ಮುಖಕ್ಕೆ ಹಾರುತ್ತದೆ.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಅಂತ ಅಲ್ಲೇ ಅನ್ನಿಸಿತು. ಮನೆಗೆ ಬಂದವನು ಮಾಡಿದ ತಪ್ಪು ಏನೆಂದರೆ, ಏನೂ ಪರೀಕ್ಷೆ ಮಾಡದೆ ಮಾರನೇ ದಿನವೇ ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿಬಿಟ್ಟೆ. ಅದು ಒಂದು ವಾರ ಬಂತು. ಎರಡು ಗ್ಯಾಸ್ಕೆಟ್ ಹೋದ ಮೇಲೆ, ಗ್ಯಾಸ್ಕೆಟ್‌ದು ತಪ್ಪಲ್ಲ, ಅದು ಕೂತ ಜಾಗದಲ್ಲಿ ಏನೋ ಇದೆ ಎಂದು ಅರ್ಥವಾಯಿತು. ಹೆಡ್ ಬಿಚ್ಚಿದರೆ ಸಾಕ್ಷಿ ಅರ್ಧ ಅಳಿಸಿಹೋಗುತ್ತದೆ. ಅದಕ್ಕೇ ಮೂರನೇ ಸಲ ಮೂರು ದಿನ ಬರೀ ಪರೀಕ್ಷೆ ಮಾಡಿದೆ, ಹೆಡ್ಡಿಗೆ ಸ್ಪ್ಯಾನರ್ ಹಾಕಲಿಲ್ಲ.

ಮೊದಲು ನಮ್ಮ ಮಲೆನಾಡಿನವರಿಗೇ ಒಂದು ಮಾತು. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯ ಹಾಗೆ ಬೆಳ್ಳಗೆ ಕಂಡರೆ ಗಾಬರಿ ಬೀಳಬೇಡಿ. ಜೂನ್ ಬಂದರೆ ಇಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ದಿನಕ್ಕೆ ನಾಲ್ಕು ಕಿಲೋಮೀಟರ್ ಓಡುವ ಇಂಜಿನ್ ಒಳಗಿನ ತೇವ ಎಲ್ಲಿ ಆರಬೇಕು? ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಆವಿ ಮುಚ್ಚಳಕ್ಕೆ ಹತ್ತಿ ಆಯಿಲ್ ಜೊತೆ ಸೇರಿ ಕೆನೆಯಾಗುತ್ತದೆ. ಡಿಪ್‌ಸ್ಟಿಕ್ ನೋಡಿ. ಅದರಲ್ಲೂ ಹಾಲು ಹಾಕಿದ ಕಾಫಿ ಬಣ್ಣ ಇದ್ದು ಮಟ್ಟವೂ ಏರಿದ್ದರೆ ನೀರು ಸೇರಿದೆ ಎಂದೇ ಅರ್ಥ, ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ. ಬೆಳಗಿನ ಬಿಳಿ ಹೊಗೆಯೂ ಹೀಗೇ. ಐದು ಹತ್ತು ನಿಮಿಷದಲ್ಲಿ ನಿಂತರೆ ಅದು ಬರೀ ಹಬೆ. ಬಿಸಿಯಾದ ಮೇಲೂ ಬರುತ್ತಿದ್ದು, ಸಿಹಿ ವಾಸನೆ ಇದ್ದರೆ ಕೂಲಂಟ್ ಸುಡುತ್ತಿದೆ. (ಆ ಸಿಹಿಯೇ ಅಪಾಯ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ನಾಯಿಗೆ ವಿಷ, ಚೆಲ್ಲಿದರೆ ಅದು ನೆಕ್ಕುತ್ತದೆ. ಕೆಲಸ ಮುಗಿಯುವವರೆಗೂ ನಮ್ಮ ನಾಯಿಯನ್ನು ಕಟ್ಟಿಹಾಕಿದ್ದೆ.)

ಇಂಜಿನ್ ಕಟ್ಟಿದ ಮೇಲೆ ರೇಡಿಯೇಟರ್‌ನಲ್ಲಿ ಗುಳ್ಳೆ ಬರುವುದು ಸಹಜ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರಬೇಕಲ್ಲ. ಗಾಡಿಯ ಮುಂಭಾಗ ಎತ್ತರಕ್ಕೆ ಇಟ್ಟು, ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ತೆರೆದು ಸ್ಟಾರ್ಟ್ ಮಾಡಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತಾನಾಗಿ ತೆರೆದ ಸ್ವಲ್ಪ ಹೊತ್ತಿಗೆ ಗುಳ್ಳೆ ನಿಲ್ಲಬೇಕು. ನನ್ನದರಲ್ಲಿ ನಿಲ್ಲಲೇ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಗುಳ್ಳೆ ಜಾಸ್ತಿ, ಬಿಟ್ಟರೆ ಕಡಿಮೆ. ಅದು ಸಿಕ್ಕಿಕೊಂಡ ಗಾಳಿಯಲ್ಲ, ಸಿಲಿಂಡರ್‌ನಿಂದ ಬರುವ ಗ್ಯಾಸ್. ಇದನ್ನು ಖಚಿತ ಮಾಡಿಕೊಳ್ಳಲು ನೀಲಿ ದ್ರಾವಣದ ಕಿಟ್ ಸಿಗುತ್ತದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದರೆ, ಸುಟ್ಟ ಪೆಟ್ರೋಲಿನ ಗ್ಯಾಸ್ ಇದ್ದಲ್ಲಿ ಹಳದಿಯಾಗುತ್ತದೆ.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರ್ ಒಳಗೆ ಏಳುವ ಒತ್ತಡ, ಅಳೆದೆ. ಇಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಹೊರಗಿರಬೇಕು, ಇಗ್ನಿಷನ್ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಒಂದನೇ ಸಿಲಿಂಡರ್ 165 ಪಿಎಸ್‌ಐ. ಎರಡನೆಯದು 95. ಮೂರನೆಯದು 100. ಅಕ್ಕಪಕ್ಕದ ಎರಡೂ ಒಟ್ಟಿಗೆ ಬಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಹೋಗಬೇಕು. ರಿಂಗ್ ಇರಬಹುದಾ ಎಂದು ಎರಡರಲ್ಲೂ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕು. ಹೆಚ್ಚೇನೂ ಏರಲಿಲ್ಲ. ರಿಂಗ್ ಸರಿಯಿದೆ. ಕೊನೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು, ಎರಡನೇ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ಬರುವಂತೆ ತಿರುಗಿಸಿ, ಗಾಡಿ ಟಾಪ್ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಗಾಳಿ ಬಿಟ್ಟೆ. ಮೂರನೇ ಪ್ಲಗ್ ತೂತಿನಲ್ಲಿ ಸುಯ್ ಎಂದು ಕೇಳಿಸಿತು, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದಿತು. ಆಗ ಸಮಾಧಾನ ಆಯಿತು. ಗಾಡಿ ಇನ್ನೂ ಕೆಟ್ಟೇ ಇತ್ತು, ಆದರೆ ಎಲ್ಲಿ ಎಂದು ಗೊತ್ತಾಗಿತ್ತಲ್ವಾ.

ಹೊರಗಿನ ಸೋರಿಕೆ ನೋಡಲು ಹಳೆ ರೇಡಿಯೇಟರ್ ಕ್ಯಾಪಿಗೆ ಟ್ಯೂಬ್ ವಾಲ್ವ್ ಕೂರಿಸಿ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಕ್ಯಾಪ್ ಮೇಲೆ ಒತ್ತಡದ ಮಿತಿ 0.9 ಎಂದಿದೆ, ಅದನ್ನು ದಾಟಿಸಬಾರದು. ಹೊರಗೆ ಎಲ್ಲೂ ಸೋರಲಿಲ್ಲ.

ಈಗ ಹೆಡ್ ಬಿಚ್ಚಿದೆ. ಹಳೆ ಗ್ಯಾಸ್ಕೆಟ್ಟನ್ನು ಎಸೆಯದೆ ಬೆಳಕಿಗೆ ಹಿಡಿದು ಓದಿ. ಎರಡು ಮತ್ತು ಮೂರರ ನಡುವಿನ ಉಂಗುರದ ಮೇಲೆ ಕಪ್ಪು ದಾರಿ ಇತ್ತು. ಅದಕ್ಕಿಂತ ಮುಖ್ಯ, ಅಲ್ಲಿನ ಒಂದು ಬೋಲ್ಟ್ ಸುತ್ತ ಮಾತ್ರ ಗ್ಯಾಸ್ಕೆಟ್ ಸರಿಯಾಗಿ ಒತ್ತಿಕೊಂಡಿರಲಿಲ್ಲ. ಬೇರೆ ಕಡೆ ಅಚ್ಚು ಸ್ಪಷ್ಟ, ಇಲ್ಲಿ ಮಸುಕು. ಟಾರ್ಕ್ ರೆಂಚ್ (ನಿಗದಿತ ಬಲ ಮುಟ್ಟಿದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ಹಾಕಿಯೇ ಬಿಗಿದಿದ್ದೆ, ಕ್ಲಿಕ್ ಎಂದು ಕೇಳಿಯೂ ಇತ್ತು. ಮತ್ತೆ ಹೇಗೆ?

ಆ ತೂತಿಗೆ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಬೇರೆ ತೂತುಗಳಲ್ಲಿ ತಳ ಮುಟ್ಟುವಷ್ಟು ಇಳಿಯುವ ಬೋಲ್ಟ್ ಇಲ್ಲಿ ಎರಡು ಮರೆ (ಥ್ರೆಡ್) ಮೊದಲೇ ನಿಂತಿತು. ಸಿರಿಂಜ್ ಬಿಟ್ಟು ಎಳೆದರೆ ನೀರು, ಆಯಿಲ್, ಕಾರ್ಬನ್ ಸೇರಿದ ಕರಿ ನೀರು ಬಂತು. ಅರ್ಧ ಚಮಚ ಇರಬಹುದು. ತಳ ಮುಚ್ಚಿದ ತೂತಿನಲ್ಲಿ ನೀರಿದ್ದರೆ ಬೋಲ್ಟ್ ಅದನ್ನೇ ಒತ್ತುತ್ತದೆ, ನೀರು ಕುಗ್ಗುವುದಿಲ್ಲ. ರೆಂಚ್‌ಗೆ ಗೊತ್ತಾಗುವುದು ತಿರುಗಿಸಲು ಬೇಕಾದ ಬಲ ಮಾತ್ರ, ಹೆಡ್ ಒತ್ತಿಕೊಂಡಿತಾ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೂ ಬಲ ಹಾಕಿದ್ದರೆ ಬ್ಲಾಕ್ ಬಿರುಕು ಬಿಡುವ ಸಾಧ್ಯತೆಯೂ ಇತ್ತು, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮೊದಲ ಸಲ ಬ್ಲಾಕ್ ತೊಳೆದ ನೀರು ಉಳಿದಿತ್ತು. ಎರಡನೇ ಸಲ ಹೆಡ್ ಎತ್ತುವಾಗ ಕೂಲಂಟ್ ಚೆಲ್ಲಿ ಅದೇ ತೂತಿಗೆ ಇಳಿದಿದೆ. ಅದಕ್ಕೇ ಎರಡೂ ಸಲ ಒಂದೇ ಜಾಗ.

ಎರಡು ಸಲ ಇಂಜಿನ್ ಅತಿಯಾಗಿ ಕಾದದ್ದರಿಂದ ಹೆಡ್ ಕೂಡ ಸೊಟ್ಟಗಾಗಿತ್ತು. ಹೆಡ್ ಅಲ್ಯೂಮಿನಿಯಂ, ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬೋಲ್ಟುಗಳು ಅದನ್ನು ಹಿಡಿದಿರುತ್ತವೆ, ಹೋಗಲು ಜಾಗ ಸಿಗದೆ ಬಾಗುತ್ತದೆ. ಸ್ಟ್ರೈಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿದೆ. 0.05 ಮಿಲಿಮೀಟರ್ ಒಳಗಿರಬೇಕು, ಒಂದು ಕಡೆ 0.08 ಎಲೆ ಹೋಯಿತು. ಒಂದು ಕೂದಲಿನ ದಪ್ಪ! ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಸರ್ಫೇಸ್, ಅಂದರೆ ಮೇಲ್ಮೈ ತುಸು ಕೆತ್ತಿ ಸಮ, ಮಾಡಿಸಿದೆ. ಎಷ್ಟು ಬೇಕೋ ಅಷ್ಟೇ ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ. ಜಾಸ್ತಿ ತೆಗೆದರೆ ಕಂಪ್ರೆಷನ್ ಏರುತ್ತದೆ, ಟೈಮಿಂಗ್ ಕೂಡ ಚೂರು ಸರಿಯುತ್ತದೆ. ಬ್ಲಾಕಿನ ಮೇಲ್ಮೈಯನ್ನೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಮನೆಯಲ್ಲಿ ಗ್ರೈಂಡರ್ ಡಿಸ್ಕ್ ಹಾಕಿ ಹಳೆ ಗ್ಯಾಸ್ಕೆಟ್ ಕೆರೆಯಬೇಡಿ, ಅಲ್ಲಲ್ಲಿ ತಗ್ಗು ಬೀಳುತ್ತದೆ, ಪುಡಿ ಹೋಗಿ ಹೊಸ ಬೇರಿಂಗ್ ತಿನ್ನುತ್ತದೆ.

ಕಟ್ಟುವಾಗ ಪ್ರತಿ ತೂತನ್ನೂ ಬತ್ತಿ ಬಿಟ್ಟು ಒರೆಸಿ, ಗಾಳಿ ಹೊಡೆದು, ಬೋಲ್ಟ್ ಕೈಯಲ್ಲೇ ತಳದವರೆಗೆ ಹೋಗುತ್ತದಾ ಎಂದು ಒಂದೊಂದೇ ನೋಡಿದೆ. ಮರೆಗೆ ಒಂದೇ ತೊಟ್ಟು ಆಯಿಲ್. ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ ಬಿಗಿ. ಸೀಲಂಟ್ ಹಚ್ಚಲಿಲ್ಲ, ಒಣ ಗ್ಯಾಸ್ಕೆಟ್ ಅಷ್ಟೇ.

ಪರೀಕ್ಷೆಗೆ ಆಗುಂಬೆಗಿಂತ ಒಳ್ಳೆಯ ಜಾಗ ಎಲ್ಲಿದೆ? ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು 14 ತಿರುವುಗಳನ್ನೂ ಮಳೆಯಲ್ಲಿ ಹತ್ತಿದೆ. ಮುಳ್ಳು ಅರ್ಧ ದಾಟಲಿಲ್ಲ. ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮೇಲಿನ ಹೋಸ್ ಹಿಸುಕಿ ನೋಡಿದೆ. ಗ್ಯಾಸ್ ಸೇರುತ್ತಿದ್ದಾಗ ಅದು ರಾತ್ರಿ ಕಳೆದರೂ ಗಟ್ಟಿಯಾಗಿಯೇ ಇರುತ್ತಿತ್ತು. ಈಗ ಮೆತ್ತಗಿತ್ತು. ರಿಸರ್ವ್ ಡಬ್ಬಿಯ ಮೇಲೆ ಗುರುತಿಗೆ ಟೇಪ್ ಅಂಟಿಸಿದ್ದೆ, 1,100 ಕಿಲೋಮೀಟರ್ ಆದರೂ ಕೂಲಂಟ್ ಮಟ್ಟ ಅದೇ ಗೆರೆಯಲ್ಲಿದೆ. ಬೆಳಿಗ್ಗೆ ಹಾಲಿನ ಡೈರಿಗೆ ಹೋಗುವ ಮೊದಲು ಅಪ್ಪ ಈಗ ತಾವೇ ಬಾನೆಟ್ ಎತ್ತಿ ಅದನ್ನು ನೋಡುತ್ತಾರೆ.